ಎರಡು ಕಚ್ಚಾದರೆ ಹಸಿರು

ನಮ್ಮಕ್ಕನಿಗೆ ಹತ್ತು ದಿನ ತಲೆ ಎತ್ತಬೇಡ ಎಂದು ಹೇಳುವುದೂ ಒಂದೇ, ಬೀಸುವ ಗಾಳಿಗೆ ಸ್ವಲ್ಪ ಕೂತುಕೋ ಎಂದು ಹೇಳುವುದೂ ಒಂದೇ. ಆದರೂ ಕಣ್ಣಿನ ಡಾಕ್ಟರಮ್ಮ ಹೇಳಿದರು. ಅಕ್ಕನ ಎಡಗಣ್ಣಿನ ಒಳಪರದೆ ಹರಿದು ಬಿಟ್ಟುಕೊಂಡಿತ್ತು. ಆಪರೇಷನ್ ಮಾಡಿ, ಪರದೆಯನ್ನು ಒತ್ತಿ ಹಿಡಿಯಲಿ ಎಂದು ಕಣ್ಣಿನೊಳಗೆ ಒಂದು ಗಾಳಿಗುಳ್ಳೆ ಬಿಟ್ಟಿದ್ದರು. ಗುಳ್ಳೆ ಯಾವಾಗಲೂ ಮೇಲಕ್ಕೇ ತೇಲುತ್ತದೆ. ಅದು ಹಿಂದಿನ ಪರದೆಗೆ ಒತ್ತಿಕೊಂಡಿರಬೇಕಾದರೆ ಮುಖ ನೆಲವನ್ನೇ ನೋಡುತ್ತಿರಬೇಕು. ಊಟಕ್ಕೆ, ಬಚ್ಚಲಿಗೆ ಏಳಬಹುದು, ಆಗಲೂ ಗದ್ದ ಎದೆಗೆ ತಾಗಿರಬೇಕು.

"ಎತ್ತಿಬಿಟ್ಟರೆ?" ಎಂದಳು ಅಕ್ಕ, ಆಗಲೇ ತಲೆ ಎತ್ತಲು ಹೊರಟವಳ ಹಾಗೆ.

"ಪರದೆ ಮತ್ತೆ ಬಿಟ್ಟುಕೊಳ್ಳುತ್ತೆ. ಆಮೇಲೆ ಈ ಕಣ್ಣಿನ ಆಸೆ ನಾನೂ ಬಿಡಬೇಕು, ನೀವೂ ಬಿಡಬೇಕು," ಎಂದರು ಡಾಕ್ಟರಮ್ಮ.

ಪಕ್ಕದಲ್ಲಿ ನಿಂತಿದ್ದ ಭಾವ ಗಂಟಲು ಸರಿಮಾಡಿಕೊಂಡರು. "ಕಾಲರಿಗೆ ಕ್ಯಾನ್ವಾಸ್ ಅಂಟಿಸ್ತೀವಲ್ಲ, ಹಾಗೆ ಕಣೇ. ಇಸ್ತ್ರಿಪೆಟ್ಟಿಗೆ ಒತ್ತಿ ಹಿಡೀಬೇಕು. ಅವಸರಪಟ್ಟು ಎತ್ತಿದ್ರೆ ಕಾಲರ್ ತುಂಬ ಗುಳ್ಳೆ ಗುಳ್ಳೆ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ಭಾವನನ್ನು ನೋಡಿದರು. "ನಾನು ಇಷ್ಟು ವರ್ಷದಿಂದ ಚಿತ್ರ ಬರೆದು ಹೇಳ್ತಿದೀನಿ. ಇನ್ಮೇಲೆ ಇದನ್ನೇ ಹೇಳ್ತೀನಿ ನೋಡಿ."

ಭಾವ ದರ್ಜಿ. ಮನೆಯ ಮುಂದಿನ ಕೋಣೆಯೇ ಅಂಗಡಿ, ಒಂದು ಪರದೆ ಸರಿಸಿದರೆ ಮಲಗುವ ಕೋಣೆ. ಅಂಗಡಿಯಲ್ಲಿ ಕತ್ತರಿ ಮತ್ತು ಮಿಷನ್ನು ಭಾವನದು, ಗುಂಡಿ, ಕಾಜ, ಗಿರಾಕಿ, ಬಾಯಿ ಎಲ್ಲ ಅಕ್ಕನದು. ಮೂವತ್ತು ವರ್ಷದಿಂದ ಹೀಗೇ. ನಾನು ಅಕ್ಕನಿಗಿಂತ ಹನ್ನೊಂದು ವರ್ಷ ಚಿಕ್ಕವಳು. ಎರಡು ಬೀದಿ ಆಚೆಯ ವಾಚನಾಲಯದಲ್ಲಿ ಎಂಟು ಕಂಪ್ಯೂಟರುಗಳಿರುವ ಕೋಣೆಯನ್ನು ನೋಡಿಕೊಳ್ಳುತ್ತೇನೆ. ಕಂಪ್ಯೂಟರ್ ಯಾರೂ ಹೇಳಿಕೊಟ್ಟದ್ದಲ್ಲ, ಕೆಡಿಸಿ ಕೆಡಿಸಿ ಕಲಿತದ್ದು. ಎಲ್ಲದಕ್ಕೂ ವಾದ ಹೂಡುತ್ತೇನೆಂದು ಭಾವ ನನ್ನನ್ನು ವಕೀಲಮ್ಮ ಎಂದು ಕರೆಯುತ್ತಾರೆ. ಆ ಹತ್ತು ದಿನಕ್ಕೆ ನಾನು ಅರ್ಧ ದಿನದ ರಜೆ ಹಾಕಿದೆ. ಬೆಳಿಗ್ಗೆ ವಾಚನಾಲಯ, ಮಧ್ಯಾಹ್ನದಿಂದ ಅಕ್ಕ.

ಮನೆಗೆ ಬಂದ ಕೂಡಲೇ ಭಾವ ಟೇಪು ತೆಗೆದು ಅಕ್ಕನ ಹಣೆಯಿಂದ ಗದ್ದದವರೆಗೆ, ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಯವರೆಗೆ ಅಳತೆ ತೆಗೆದುಕೊಂಡರು.

"ಮದುವೆಗೆ ಮುಂಚೆ ನೋಡ್ಬೇಕಿತ್ತು ಇದನ್ನೆಲ್ಲ," ಎಂದಳು ಅಕ್ಕ ನೆಲದ ಕಡೆ ನೋಡುತ್ತ.

"ಆಗ ಟೇಪು ಚಿಕ್ಕದಿತ್ತು," ಎಂದರು ಭಾವ.

ಕತ್ತರಿಸಿ ಉಳಿದ ಬಟ್ಟೆಯ ಚೂರುಗಳನ್ನು ತುಂಬಿ, ಮೇಲೆ ಮೆತ್ತನೆಯ ಹತ್ತಿಬಟ್ಟೆ ಹೊದಿಸಿ, ನಡುವೆ ಮುಖ ಹಿಡಿಯುವಷ್ಟು ತೂತಿರುವ ಒಂದು ದುಂಡು ದಿಂಬು ಹೊಲಿದರು. ಅದನ್ನು ಮಂಚದ ಅಂಚಿನಿಂದ ಸ್ವಲ್ಪ ಆಚೆ ಒಂದು ಬೆಂಚಿನ ಮೇಲೆ ಕೂರಿಸಿ, ಬೆಂಚಿನ ಹಲಗೆಗಳ ನಡುವಿನ ಸಂದು ಸರಿಯಾಗಿ ಮುಖದ ಕೆಳಗೆ ಬರುವಂತೆ ಮಾಡಿದರು. ಕೆಳಗೆ ಒಂದು ಗಿಡ್ಡ ಸ್ಟೂಲು. ಅಕ್ಕ ಆ ತೂತಿನೊಳಗೆ ಮುಖವಿಟ್ಟು ಮಲಗಿದಳು. ಹತ್ತು ನಿಮಿಷವಾಗಲಿಲ್ಲ, "ನೆಲ ಒರೆಸಿ ಎಷ್ಟು ದಿನ ಆಯ್ತು?" ಎಂಬ ಪ್ರಶ್ನೆ ಬಂತು.

ಮೊದಲ ದಿನವೇ ಅಕ್ಕ ಸೋತಳು. ಹಾಡು ಕೇಳಿ ಕಿವಿ ಬಾತುಕೊಂಡಿದೆ ಎಂದಳು. ಅಂಗಡಿಗೆ ಯಾರು ಬಂದರೂ ಪರದೆಯಾಚೆಯಿಂದ ಇವಳ ಆಜ್ಞೆ ಹೋಗುತ್ತಿತ್ತು, ಆಜ್ಞೆಯ ಹಿಂದೆ ತಲೆಯೂ ಏಳಲು ಹವಣಿಸುತ್ತಿತ್ತು. ಬಲಗಣ್ಣಿನಿಂದ ನಿಧಾನವಾದದ್ದೇನಾದರೂ ನೋಡಬಹುದು, ಸಾಲು ಸಾಲಾಗಿ ಓದುವುದು ಬೇಡ ಎಂದು ಡಾಕ್ಟರಮ್ಮ ಹೇಳಿದ್ದರಿಂದ ನಾನು ಮೊಬೈಲಿಗೆ ಒಂದು ಪುಕ್ಕಟೆ ಆಟ ಹಾಕಿಕೊಟ್ಟೆ. ಎರಡು ನಿಮಿಷಕ್ಕೊಮ್ಮೆ ಅದರಲ್ಲಿ ಜಾಹೀರಾತು. ಸದ್ದಿಲ್ಲದೆ ಇದ್ದದ್ದು ಇದ್ದಕ್ಕಿದ್ದಂತೆ ಕಹಳೆ ಊದಿ, ಪಟಪಟನೆ ಮಿನುಗಿ, ಯಾರೋ ಹೆಂಗಸು ಕಿರುಚುತ್ತಿದ್ದಳು. ಪ್ರತಿ ಸಲವೂ ಅಕ್ಕನ ತಲೆ ಬೆಚ್ಚಿಬಿದ್ದು ದಿಂಬಿನಿಂದ ಹಾರುತ್ತಿತ್ತು.

"ವಕೀಲಮ್ಮ," ಎಂದರು ಭಾವ ಪರದೆಯಾಚೆಯಿಂದ, "ನಿಮ್ಮ ಕಕ್ಷಿದಾರರ ತಲೆ ಕುಣೀತಾ ಇದೆ. ಸ್ವಲ್ಪ ನೋಡಿ."

ವಾಚನಾಲಯಕ್ಕೆ ದಿನಾ ಬೆಳಿಗ್ಗೆ ಪತ್ರಿಕೆ ಓದಲು ಬರುವ ಲಿಫ್ಟ್ ರಿಪೇರಿಯವರೊಬ್ಬರಿದ್ದಾರೆ. ಕೈಯಲ್ಲಿ ಸದಾ ಗ್ರೀಸಿನ ವಾಸನೆ, ತಲೆಯಲ್ಲಿ ಸದಾ ಏನಾದರೊಂದು ಹೊಸ ವಿಷಯ. ಅವರ ಹತ್ತಿರ ನನ್ನ ಗೋಳು ಹೇಳಿಕೊಂಡೆ.

"ಮೇಡಂ, ನೀವು ತಪ್ಪು ಅಂಗಡೀಲಿ ಹುಡುಕ್ತಿದೀರಿ. ಪ್ರೋಗ್ರಾಂ ಬರೆಯೋರು ತಮ್ಮ ಕೋಡನ್ನ ಎಲ್ಲರಿಗೂ ಕಾಣೋ ಹಾಗೆ ಹರವಿಟ್ಟಿರೋ ತಾಣಗಳಿವೆಯಲ್ಲ, ಅಲ್ಲಿ ಹೋಗಿ. ಓಪನ್ ಸೋರ್ಸ್ ಆಟ ಅಂತ ಹುಡುಕಿ. ಎಷ್ಟೋ ಜನ ಬರೀ ಪ್ರೀತಿಗೆ ಮಾಡಿಟ್ಟಿದಾರೆ."

"ಸಾವಿರ ಇರುತ್ತಲ್ಲ, ಒಳ್ಳೇದು ಯಾವುದು ಅಂತ ಹೇಗೆ ಗೊತ್ತಾಗುತ್ತೆ?"

"ನಾನು ಲಿಫ್ಟ್ ಹತ್ತೋ ಮುಂಚೆ ಏನು ನೋಡ್ತೀನಿ? ಕೊನೇ ಸಲ ಯಾವಾಗ ಯಾರು ಕೈ ಹಾಕಿದಾರೆ ಅಂತ. ಅಲ್ಲೂ ಬರೆದಿರುತ್ತೆ. ಐದು ವರ್ಷದಿಂದ ಯಾರೂ ಮುಟ್ಟಿಲ್ಲ ಅಂದ್ರೆ ಮೆಟ್ಟಿಲು ಹತ್ತೋದೇ ವಾಸಿ. ಆಮೇಲೆ ದೂರಿನ ಪುಟ ನೋಡಿ. ದೂರು ಇದ್ರೆ ಹೆದರಬೇಡಿ, ಅದಕ್ಕೆ ಉತ್ತರ ಬಂದಿದೆಯಾ ನೋಡಿ. ಪರವಾನಗಿ ಅಂತ ಒಂದು ಕಡತ ಇರುತ್ತೆ, ಯಾರು ಬೇಕಾದ್ರೂ ಬಳಸಬಹುದು, ಬದಲಾಯಿಸಬಹುದು ಅಂತ ಅದರಲ್ಲಿ ಇದ್ರೆ ಕಣ್ಣು ಮುಚ್ಚಿ ತಗೊಳ್ಳಿ."

ಆ ಬೆಳಿಗ್ಗೆ ನಾನು ನೋಡಿದ್ದು ಒಂದು ಲೋಕವೇ. ಒಬ್ಬರು ಬರೀ ಚುಕ್ಕಿ ಗೆರೆಗಳಲ್ಲಿ ಗುಹೆ ಕಟ್ಟಿದ್ದರು. ಯಾರೋ ಮೂರು ಜನ ಸೇರಿ ಹನ್ನೆರಡು ವರ್ಷದಿಂದ ಒಂದು ರೈಲಿನ ಆಟ ತಿದ್ದುತ್ತಲೇ ಇದ್ದರು, ಇನ್ನೂ ಮುಗಿದಿರಲಿಲ್ಲ. ಒಬ್ಬಾತ ತನ್ನ ಮಗಳು ಹುಟ್ಟುವ ಮೊದಲು ಮುಗಿಸುತ್ತೇನೆಂದು ಬರೆದಿದ್ದ. ಕೆಳಗೆ ಇನ್ನೊಂದು ಸಾಲು: ಮಗಳಿಗೆ ಈಗ ನಾಲ್ಕು ವರ್ಷ, ಅವಳೇ ದೋಷ ಹುಡುಕಿ ಕೊಡುತ್ತಿದ್ದಾಳೆ. ಕೊನೆಗೆ ನನಗೆ ಬೇಕಾದದ್ದು ಸಿಕ್ಕಿತು. ಒಂದು ಮಣಿಯಾಟ. ಎಂಟಕ್ಕೆ ಎಂಟು ಮನೆಗಳ ಹಲಗೆ, ಐದು ಬಣ್ಣದ ಮಣಿಗಳು. ಇಬ್ಬರು ಸರದಿಯಲ್ಲಿ ಒಂದೊಂದು ಮಣಿ ಇಡುವುದು, ಒಂದೇ ಬಣ್ಣದ ಮೂರು ಸಾಲಾಗಿ ಕೂತರೆ ಅವು ಇಟ್ಟವರ ಬುಟ್ಟಿಗೆ. ಗಡಿಯಾರವಿಲ್ಲ, ಗದ್ದಲವಿಲ್ಲ, ಇಂಟರ್ನೆಟ್ಟೂ ಬೇಡ. ಮಾಡಿದವರ ಹೆಸರು ಅಲ್ಲಿ ಒದ್ದೆ ಕಾಲುಚೀಲ ಎಂಬರ್ಥದ ಯಾವುದೋ ಅಡ್ಡಹೆಸರು. ಹೋದ ವಾರವಷ್ಟೇ ಕೈ ಹಾಕಿದ್ದರು. ಆಹಾ ಎಂದು ದೊಡ್ಡ ಬಟನ್ ಒತ್ತಿ ಇಳಿಸಿಕೊಂಡು ಓಡಿದೆ.

ಮನೆಯಲ್ಲಿ ಬಿಚ್ಚಿ ನೋಡಿದರೆ ಆಟವೇ ಇಲ್ಲ! ಮುನ್ನೂರು ಚಿಲ್ಲರೆ ಕಡತಗಳು, ಒಳಗೆಲ್ಲ ಅರ್ಥವಾಗದ ಸಾಲುಗಳು.

"ಮೋಸ ಹೋದೆ ಭಾವ. ಆಟ ಅಂತ ಹೇಳಿ ಕಸ ಕೊಟ್ಟಿದಾರೆ."

ಭಾವ ಕನ್ನಡಕ ಹಣೆಗೇರಿಸಿ ಲ್ಯಾಪ್‌ಟಾಪಿನ ಪರದೆ ನೋಡಿದರು. ಕಡತಗಳ ಹೆಸರುಗಳನ್ನು ಬೆರಳಿನಿಂದ ಒಂದೊಂದೇ ಮುಟ್ಟಿದರು.

"ಕಸ ಅಲ್ಲ ಕಣಮ್ಮ. ಇದು ಅಂಗಿ ಅಲ್ಲ, ಅಂಗಿಯ ಅಳತೆ ಕಾಗದ. ತೋಳು ಬೇರೆ, ಬೆನ್ನು ಬೇರೆ, ಜೇಬು ಬೇರೆ. ನೀನು ಕಟಿಂಗ್ ಮೇಜಿನ ಮೇಲಿಂದ ಬಾಚ್ಕೊಂಡು ಬಂದಿದೀಯ. ಹೊಲಿದಿಟ್ಟ ಅಂಗಿ ಬೇರೆ ಕಡೆ ತೂಗುಹಾಕಿರ್ತಾನೆ, ಹೋಗಿ ನೋಡು." ಕನ್ನಡಕ ಮತ್ತೆ ಮೂಗಿಗಿಳಿಸಿ, "ಆದ್ರೂ ಏನು ಮನುಷ್ಯ ಅವನು! ಅಂಗಿ ಕೊಡೋರು ಇದಾರೆ. ಅಳತೆ ಕಾಗದ ಯಾವ ದರ್ಜಿ ಕೊಡ್ತಾನೆ? ನಮ್ಮ ಗುರುಗಳು ಸಾಯೋವರೆಗೂ ಕೊಡ್ಲಿಲ್ಲ," ಎಂದರು.

ಹೌದು, ಪುಟದ ಬಲಬದಿಯಲ್ಲಿ, ಸಿದ್ಧ ಆವೃತ್ತಿಗಳು ಎಂಬಲ್ಲಿ, ಹೊಲಿದ ಅಂಗಿ ತೂಗುತ್ತಿತ್ತು. ನನ್ನ ಲ್ಯಾಪ್‌ಟಾಪನ್ನು ಬೆಂಚಿನ ಕೆಳಗೆ ಸ್ಟೂಲಿನ ಮೇಲಿಟ್ಟೆ. ಅಕ್ಕ ಕೈ ಇಳಿಬಿಟ್ಟು ಮೌಸ್ ಹಿಡಿದಳು. ಭಾವ ಮಂಚದ ಕಾಲಿಗೆ ಒರಗಿ ನೆಲದ ಮೇಲೆ ಕೂತರು, ಬಾಣದ ಗುರುತಿನ ಕೀಲಿಗಳು ಅವರದು.

ಅಲ್ಲಿಂದ ಎರಡು ಮಧ್ಯಾಹ್ನ ಆ ಕೋಣೆಯಲ್ಲಿ ಎಂಥ ಸುಖವಿತ್ತು! ಕಟಿಂಗ್ ಮುಗಿಸಿ ಭಾವ ಒಳಬರುವುದು, "ಎಲ್ಲಿ, ಸೋಲೋಕೆ ತಯಾರಾಗಿದೀಯಾ?" ಎನ್ನುವುದು, ಅಕ್ಕ "ಮೊದಲು ಕೂತ್ಕೊಳ್ಳಿ, ಮಂಡಿ ಲಟಕ್ ಅನ್ನೋದು ನಿಲ್ಲಲಿ" ಎನ್ನುವುದು. ತಲೆ ದಿಂಬು ಬಿಟ್ಟು ಅಲ್ಲಾಡುತ್ತಿರಲಿಲ್ಲ. ನಾನು ಚಹಾ ಮಾಡಿ, ಅಕ್ಕನಿಗೆ ಉದ್ದ ಕೊಳವೆಯಲ್ಲಿ ಕುಡಿಸಿ, ನನ್ನ ಪಾಡಿಗೆ ಪಾತ್ರೆ ತೊಳೆಯುತ್ತ ಅವರ ಮಾತು ಕೇಳುತ್ತಿದ್ದೆ. ಅಕ್ಕ ಸಣ್ಣ ದನಿಯಲ್ಲಿ ಏನೋ ಹೇಳುತ್ತಲೇ ಇರುತ್ತಿದ್ದಳು. "ಮೂರನೇ ಸಾಲು ರೀ... ಅದಲ್ಲ, ಅದರ ಪಕ್ಕದ್ದು... ಹ್ಞಾಂ." ಪಕ್ಕಾ ಕಳ್ಳಾಟ. ಗಂಡನ ಮೇಲಿನ ಪ್ರೀತಿ ಎಂದುಕೊಂಡು ಸುಮ್ಮನಿದ್ದೆ.

ನಾಲ್ಕನೆಯ ದಿನ ಸುಮ್ಮನಿರಲಿಲ್ಲ. ಪಾತ್ರೆ ಬೇಗ ಮುಗಿದಿತ್ತು, ಬಾಯಿ ತುರಿಸುತ್ತಿತ್ತು. ಅವರ ನಡುವೆ ಹೋಗಿ ಕೂತೆ.

"ಅಕ್ಕ, ಇದೇನು ಅನ್ಯಾಯ? ಎದುರಾಳಿಗೆ ನೀನೇ ಹೇಳಿಕೊಟ್ಟರೆ ಅದು ಆಟಾನಾ? ಇವತ್ತು ನಾನು ತೀರ್ಪುಗಾರ್ತಿ. ಬಾಯಿ ಮುಚ್ಚಿ ಆಡ್ಬೇಕು ಇಬ್ರೂ."

"ನೀನು ಹೋಗಿ ಬಟ್ಟೆ ಮಡಚು," ಎಂದಳು ಅಕ್ಕ, ಸ್ವಲ್ಪ ಬೇಗನೆ.

"ಮಡಚಿ ಆಯ್ತು. ಆಡಿ ಭಾವ."

ಭಾವ ಬಹಳ ಹೊತ್ತು ಹಲಗೆ ನೋಡಿದರು. ಕೊನೆಗೆ ಒಂದು ಮಣಿ ಇಟ್ಟರು. "ಮೂರಾಯ್ತು. ಯಾಕೆ ಬುಟ್ಟಿಗೆ ಬರ್ಲಿಲ್ಲ?"

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. "ಎರಡು ಹಸಿರಿನ ಪಕ್ಕ ಕೆಂಪು ಇಟ್ಟು ಮೂರಾಯ್ತು ಅಂದ್ರೆ ಹೇಗೆ ಭಾವ? ಗಿರಾಕಿಗಳಿಗೂ ಹೀಗೇನಾ ನೂಲು ಹಾಕೋದು?"

ಯಾರೂ ನಗಲಿಲ್ಲ. ಭಾವ ಎದ್ದರು. ಮಂಡಿ ಲಟಕ್ ಎಂದಿತು. "ಅಂಗಡೀಲಿ ಕೆಲಸ ಕೂತಿದೆ," ಎಂದು ಪರದೆ ಸರಿಸಿದರು.

"ರೀ!" ಎಂದು ಅಕ್ಕ ಕೂಗಿದಳು. ಕೂಗಿನ ಜೊತೆಗೇ ಅವಳ ತಲೆ ದಿಂಬಿನಿಂದ ಎದ್ದು, ಕತ್ತು ಪೂರ್ತಿ ಹಿಂದಕ್ಕೆ ಬಾಗಿ, ಮುಖ ಪರದೆಯ ಕಡೆ ನೇರ ನಿಂತಿತು. ನಾನು ಎರಡೂ ಕೈಯಿಂದ ಅವಳ ತಲೆಯನ್ನು ಕೆಳಕ್ಕೆ ಒತ್ತುವಷ್ಟರಲ್ಲಿ ಎಷ್ಟು ಹೊತ್ತಾಯಿತೋ.

ಡಾಕ್ಟರಮ್ಮನಿಗೆ ಫೋನ್ ಮಾಡಿದೆ. ಒಂದು ನಿಮಿಷ ಕೂಡ ಇರಲಿಲ್ಲ ಎಂದೆ. "ಇನ್ನೊಮ್ಮೆ ಬೇಡ. ಉಳಿದದ್ದು ಹತ್ತನೇ ದಿನ ನೋಡೋಣ," ಎಂದರು.

"ನಿನ್ನ ಬಾಯಿಗೆ ಮೊದಲು ಹೊಲಿಗೆ ಹಾಕಬೇಕಿತ್ತು," ಎಂದಳು ಅಕ್ಕ ದಿಂಬಿನೊಳಗಿಂದ. ಆಮೇಲೆ, ನೆಲಕ್ಕೆ ಹೇಳುವ ಹಾಗೆ, ಹೇಳಿದಳು.

ಮದುವೆಯಾದ ಮೊದಲ ತಿಂಗಳು. ಭಾವ ಒಂದು ಹಸಿರು ಕೋಟಿನ ಅಂಚು ಹೊಲಿದಿದ್ದರು. ಗೆರೆ ಎಳೆದಂಥ ಹೊಲಿಗೆ, ಆದರೆ ನೂಲು ಕಂದು. ಅಕ್ಕನಿಗೆ ಮೊದಲು ತಮಾಷೆ ಎನ್ನಿಸಿತಂತೆ, ಆಮೇಲೆ ಅರ್ಥವಾಯಿತಂತೆ. ಗಿರಾಕಿ ಬರುವ ಮುಂಚೆ ಎಲ್ಲ ಬಿಚ್ಚಿ ತಾನೇ ಹಸಿರು ನೂಲಿನಲ್ಲಿ ಹೊಲಿದಳು. ಮಾರನೆಯ ದಿನ ನೂಲಿನ ಪೆಟ್ಟಿಗೆ ತೆಗೆದು, ಪ್ರತಿ ಉಂಡೆಯ ರಟ್ಟಿನ ಅಂಚಿಗೆ ಕತ್ತರಿ ತುದಿಯಿಂದ ಸಣ್ಣ ಕಚ್ಚು ಹಾಕಿದಳು. ತೋಳು ಎಲ್ಲಿ ಕೂರಬೇಕೆಂದು ಗುರುತಿಗೆ ದರ್ಜಿಗಳು ಬಟ್ಟೆಯಂಚಿಗೆ ಹಾಕುತ್ತಾರಲ್ಲ, ಅಂಥ ಕಚ್ಚು. ಕೆಂಪಿಗೆ ಒಂದು, ಹಸಿರಿಗೆ ಎರಡು, ಕಂದಿಗೆ ಮೂರು.

"ಅವರಿಗೆ ಹೇಳಿದ್ಯಾ?"

"ಯಾಕೆ ಹೇಳ್ಲಿ? ಒಂದು ವಾರಕ್ಕೆ ಉಂಡೆ ತೆಗೆಯುವಾಗ ಹೆಬ್ಬೆರಳಲ್ಲಿ ಅಂಚು ಸವರೋದು ಶುರು ಮಾಡಿದ್ರು. ನಾನೂ ಕೇಳ್ಲಿಲ್ಲ, ಅವರೂ ಹೇಳ್ಲಿಲ್ಲ. ಮೂವತ್ತು ವರ್ಷ ಆಯ್ತು. ಬಣ್ಣ ತಿಳೀದ ದರ್ಜಿ ಅಂತ ಗೊತ್ತಾದ್ರೆ ಯಾರು ಬಟ್ಟೆ ಕೊಡ್ತಾರೆ ಹೇಳು?"

ಆ ಕಚ್ಚುಗಳನ್ನು ನಾನು ನೋಡಿದ್ದೆ. ಮೂವತ್ತು ವರ್ಷದಿಂದ ಇಲಿ ಕಡಿದದ್ದು ಎಂದುಕೊಂಡಿದ್ದೆ.

ಮಾರನೆಯ ದಿನ ಭಾವ ಆಟಕ್ಕೆ ಬರಲಿಲ್ಲ. ಊಟ ತಂದುಕೊಟ್ಟರು, ಔಷಧಿಯ ಹನಿ ಹಾಕಿದರು, ಮಾತು ಬರೀ ಹ್ಞೂಂ, ಉಹ್ಞೂಂ. ಅಕ್ಕನ ಭುಜ ಮತ್ತೆ ಚಡಪಡಿಸತೊಡಗಿತು. ಪರದೆಯಾಚೆ ಮಿಷನ್ನು ನಿಂತರೆ ಸಾಕು, ಕತ್ತು ಒಂದು ಬೆರಳಷ್ಟು ಮೇಲೇಳುತ್ತಿತ್ತು. ಇನ್ನೂ ಐದು ದಿನವಿತ್ತು. ಅವರು ಬಂದು ಪಕ್ಕದಲ್ಲಿ ಕೂರದಿದ್ದರೆ ಈ ತಲೆ ನಿಲ್ಲುವುದಿಲ್ಲ ಎಂದು ನನಗೆ ಖಾತ್ರಿಯಾಯಿತು.

"ಅಳತೆ ಕಾಗದ ಕೊಟ್ಟಿದಾರೆ ಅಂದ್ರಲ್ಲ ಇವರು," ಎಂದಳು ಅಕ್ಕ ಇದ್ದಕ್ಕಿದ್ದಂತೆ. "ಅಳತೆ ಕಾಗದ ಇದ್ರೆ ಆಲ್ಟರ್ ಮಾಡ್ಬಹುದು. ಆ ಮಣಿಗಳಿಗೂ ಕಚ್ಚು ಹಾಕಿಬಿಡೇ."

"ನಂಗೆ ಅಷ್ಟೆಲ್ಲ ಬರಲ್ಲ ಅಕ್ಕ."

"ಬರೋರನ್ನ ಕೇಳು. ಬಾಯಿ ಇದೆಯಲ್ಲ, ಒಳ್ಳೇದಕ್ಕೂ ಸ್ವಲ್ಪ ಉಪಯೋಗಿಸು."

ಒದ್ದೆ ಕಾಲುಚೀಲದವರಿಗೆ ಪತ್ರ ಬರೆದೆ. ಬರೆಯಲು ಅಲ್ಲಿ ಒಂದೇ ಜಾಗ ಕಂಡಿತು, ಆ ದೂರಿನ ಪುಟ. ಅಂಚೆ ಡಬ್ಬಿಯೇ ಇರಬೇಕು ಎಂದುಕೊಂಡು ಮನಸ್ಸು ಬಿಚ್ಚಿ ಬರೆದೆ. ನನಗೆ ಬರುವ ಇಂಗ್ಲಿಷಿನಲ್ಲಿ, ಹೆಸರು ಊರು ಹಾಕದೆ, ಮಿಕ್ಕಿದ್ದೆಲ್ಲ: ತಲೆ ಎತ್ತಬಾರದ ಅಕ್ಕ, ಕೆಂಪು ಹಸಿರು ತಿಳಿಯದ ದರ್ಜಿ ಭಾವ, ಕೋಟು, ನೂಲಿನ ಪೆಟ್ಟಿಗೆ, ಕಚ್ಚು, ನನ್ನ ಹಾಳು ಬಾಯಿ. ಮಣಿಗಳಿಗೆ ದಯವಿಟ್ಟು ಕಚ್ಚು ಹಾಕಿಕೊಡಿ, ಐದು ದಿನವಷ್ಟೇ ಉಳಿದಿದೆ ಎಂದು ಮುಗಿಸಿದೆ.

ಬೆಳಿಗ್ಗೆ ವಾಚನಾಲಯದಲ್ಲಿ ತೆರೆದು ನೋಡಿದರೆ ನಲವತ್ಮೂರು ಉತ್ತರ. ನನಗೆ ಗೊತ್ತಿರುವುದು ಒಬ್ಬ ಕಾಲುಚೀಲ, ಮಿಕ್ಕ ನಲವತ್ತೆರಡು ಜನ ಯಾರು? ಹಿಂದಿನಿಂದ ಗ್ರೀಸಿನ ವಾಸನೆ ಬಂತು.

"ಮೇಡಂ," ಎಂದರು ಲಿಫ್ಟಿನವರು ಮೆಲ್ಲಗೆ, "ಇದು ಅಂಚೆ ಡಬ್ಬಿ ಅಲ್ಲ. ಚೌಕದಲ್ಲಿ ನಿಲ್ಲಿಸಿದ ಬೋರ್ಡು. ಲೋಕವೆಲ್ಲ ಓದುತ್ತೆ."

ಆವತ್ತು ಆ ಎರಡು ಬೀದಿ ದಾಟಲು ನನಗೆ ಅರ್ಧ ಗಂಟೆ ಹಿಡಿಯಿತು. ಇಬ್ಬರು ಮೂವತ್ತು ವರ್ಷ ಒಬ್ಬರಿಗೊಬ್ಬರು ಹೇಳಿಕೊಳ್ಳದ ಮಾತನ್ನು ನಾನು ಲೋಕಕ್ಕೆಲ್ಲ ಸಾರಿ ಬಂದಿದ್ದೆ.

ಭಾವ ಮಿಷನ್ನಿನ ಮುಂದೆ ಕೂತಿದ್ದರು. ತೊಡೆಯ ಮೇಲೆ ಯಾರದೋ ಪ್ಯಾಂಟು. ಮುಂದೆ ನಾಲ್ಕು ಹೊಸ ನೂಲಿನ ಉಂಡೆಗಳು, ಅಕ್ಕ ಆಪರೇಷನ್ ಆಗಿ ಮಲಗಿದ ಮೇಲೆ ತಂದವು, ಇನ್ನೂ ಕಚ್ಚು ಬೀಳದೆ ಅಂಚೆಲ್ಲ ನುಣುಪು. ಅವನ್ನು ಸುಮ್ಮನೆ ನೋಡುತ್ತ ಕೂತಿದ್ದರು. ನಿಂತುಕೊಂಡೇ ಎಲ್ಲವನ್ನೂ ಹೇಳಿಬಿಟ್ಟೆ. ಪೆಡಲಿನ ಮೇಲಿದ್ದ ಅವರ ಕಾಲು ಕೆಳಗಿಳಿಯಿತು.

"ಎಷ್ಟು ಜನ?"

"ಬರೆದೋರು ನಲವತ್ಮೂರು. ಓದಿದೋರು ಗೊತ್ತಿಲ್ಲ."

"ನಗ್ತಿದಾರಾ?"

"ಇಲ್ಲ ಭಾವ."

"ಮತ್ತೆ ನಲವತ್ಮೂರು ಜನ ಏನು ಬರೀತಾರೆ? ಓದು."

ಓದಿದೆ. ಒಬ್ಬ ಎಲೆಕ್ಟ್ರಿಷಿಯನ್ ಬರೆದಿದ್ದ: ನನಗೂ ಹೀಗೇ, ತಂತಿ ಮುಟ್ಟುವ ಮುಂಚೆ ತಮ್ಮನನ್ನು ಕರೆಯುತ್ತೇನೆ, ಅವನಿಗೆ ಕೆಲಸ ಕಲಿಸುತ್ತಿದ್ದೇನೆ ಎಂದು ಎಲ್ಲರೂ ಹೊಗಳುತ್ತಾರೆ. ಒಬ್ಬ ಟೊಮೆಟೊ ಮಾರುವವನು: ನಾನು ಹಣ್ಣನ್ನು ನೋಡುವುದೇ ಇಲ್ಲ, ಒತ್ತುತ್ತೇನೆ. ಶಾಲೆಯ ಮೇಷ್ಟ್ರೊಬ್ಬರು: ತಿದ್ದುವಾಗ ಕೆಂಪು ಪೆನ್ನೆಂದು ವರ್ಷವಿಡೀ ಹಸಿರಿನಲ್ಲಿ ತಿದ್ದಿದೆ, ಮಕ್ಕಳಿಗೆ ಭಾರೀ ಖುಷಿ. ಭಾವನ ಮೀಸೆಯ ತುದಿ ಸ್ವಲ್ಪ ಅಲ್ಲಾಡಿತು. ಆಮೇಲೆ ಬೇರೆ ಯಾರೋ ಒಬ್ಬರ ಚಿಕ್ಕ ಉತ್ತರ: "ನನ್ನ ಹೆಂಡತಿ ನನ್ನ ಹಸಿರು ಕಾಲುಚೀಲಗಳ ಒಳಗೆ ಒಂದು ಗಂಟು ಹಾಕಿಡುತ್ತಿದ್ದಳು. ಅವಳು ಹೋದ ಮೇಲೆ ಕೊಂಡ ಜೋಡಿಗಳಲ್ಲಿ ಗಂಟಿಲ್ಲ. ದರ್ಜಿಯವರಿಗೆ ನನ್ನ ನಮಸ್ಕಾರ ಹೇಳಿ."

"ಅದನ್ನ ಇನ್ನೊಂದು ಸಲ ಓದು," ಎಂದರು ಭಾವ.

ಓದಿದೆ. ಅವರು ಪ್ಯಾಂಟು ಮಡಚಿ ಪಕ್ಕಕ್ಕಿಟ್ಟರು. ಪರದೆ ಸರಿಸಿ ಒಳಗೆ ಹೋಗಿ, ಮಂಚದ ಕಾಲಿಗೆ ಒರಗಿ ಕೂತರು.

"ಇಲ್ಲಿ ಕೇಳೇ. ಆ ಹಸಿರು ಕೋಟು. ನೀನು ಬಿಚ್ಚಿ ಹೊಲಿದದ್ದು ನಂಗೆ ಗೊತ್ತಿತ್ತು."

ದಿಂಬಿನೊಳಗಿಂದ ಅಕ್ಕನ ಉತ್ತರ ಬಂತು. "ನಿಮಗೆ ಗೊತ್ತು ಅಂತ ನಂಗೂ ಗೊತ್ತಿತ್ತು."

"ಹೊಲಿಗೆ ಸೊಟ್ಟಗಿತ್ತು."

"ಬಣ್ಣ ಸರಿಯಾಗಿತ್ತು!"

ಇಬ್ಬರೂ ನಕ್ಕರು. ಅಕ್ಕನ ಬೆನ್ನು ಕುಲುಕುತ್ತಿತ್ತು. ನಾನು ಓಡಿ ಹೋಗಿ ತಲೆ ಹಿಡಿದುಕೊಂಡೆ.

ಆಟ ಮಾಡಿದ ಒದ್ದೆ ಕಾಲುಚೀಲದವರ ಉತ್ತರ ಎಲ್ಲಕ್ಕಿಂತ ಕೊನೆಯಲ್ಲಿತ್ತು. ತಾನು ಚಿತ್ರ ಬರೆಯುವುದರಲ್ಲಿ ಸೊನ್ನೆ ಎಂದೂ, ಮಣಿಯ ಚಿತ್ರಗಳು ಇಂಥ ಜಾಗದಲ್ಲಿವೆ ಎಂದೂ, ಕಚ್ಚಿನ ಚಿತ್ರ ನೀವೇ ಮಾಡಿ ಕಳಿಸಿದರೆ ಆಟದೊಳಗೆ ಹೊಲಿದುಕೊಡುವುದು ತನ್ನ ಕೆಲಸ ಎಂದೂ ಬರೆದಿದ್ದರು.

"ಕಚ್ಚು ಹಾಕೋದು ನಮಗೆ ಹೇಳಿಕೊಡ್ಬೇಕಾ?" ಎಂದು ಭಾವ ದಪ್ಪ ಕಾಗದ ತೆಗೆದರು. ಬಟ್ಟಲು ಕವುಚಿ ಸೀಮೆಸುಣ್ಣದಲ್ಲಿ ಸುತ್ತು ಗೀಚಿ ಕತ್ತರಿಸಿದರು. ಒಂದಕ್ಕೆ ಒಂದು ಕಚ್ಚು, ಒಂದಕ್ಕೆ ಎರಡು, ಒಂದಕ್ಕೆ ಮೂರು.

"ಹಳದಿ, ನೀಲಿ ಬೇಡ," ಎಂದಳು ಅಕ್ಕ. "ಅವು ನಿಮಗೆ ಗೊತ್ತಾಗ್ತವೆ."

"ಆ ಬೋರ್ಡಲ್ಲಿ ಒಬ್ಬರಿಗೆ ನೀಲೀನೇ ತಿಳಿಯಲ್ಲ ಅಂತ ಬರೆದಿದಾರೆ ಕಣೇ. ಎಲ್ಲಕ್ಕೂ ಹಾಕೋಣ." ಐದು ಬಿಲ್ಲೆಗಳಾದವು. ಐದನೆಯದಕ್ಕೆ ಐದು ಕಚ್ಚು ಹಾಕಿ, ಬೆಳಕಿಗೆ ಹಿಡಿದು, "ಬಿಸ್ಕತ್ತಿನ ಹಾಗಾಯ್ತು" ಎಂದರು.

ಅವನ್ನು ವಾಚನಾಲಯದ ಸ್ಕ್ಯಾನರಿನಲ್ಲಿಟ್ಟು ಚಿತ್ರ ತೆಗೆದು ಕಳಿಸಿದೆ. ಏಳನೆಯ ದಿನ ಹೊಸ ಆವೃತ್ತಿ ಬಂತು. ಆಯ್ಕೆಗಳ ಪಟ್ಟಿಯಲ್ಲಿ ಹೊಸದೊಂದು ಸಾಲಿತ್ತು: ದರ್ಜಿಯ ಗುರುತು. ಒತ್ತಿದರೆ ಪ್ರತಿ ಮಣಿಯ ಅಂಚಿನಲ್ಲೂ ಭಾವನ ಕತ್ತರಿಯ ಕಚ್ಚು, ಒಂದು ಕಡೆ ಕೈ ಜಾರಿದ್ದೂ ಸೇರಿ ಹಾಗೇ ಮೂಡಿತ್ತು.

ಯಾರೂ ಹೇಳಿಕೊಡದೆ ಆಡಿದ ಮೊದಲ ಆಟದಲ್ಲಿ ಭಾವ ಅಕ್ಕನನ್ನು ಸೋಲಿಸಿದರು. ಎರಡನೆಯದರಲ್ಲೂ ಸೋಲಿಸಿದರು.

"ಈ ಮನುಷ್ಯನಿಗೆ ನಾನೇ ಕಣ್ಣು ಕೊಟ್ಟು ನಾನೇ ಕೆಟ್ಟೆ," ಎಂದಳು ಅಕ್ಕ. "ಇನ್ನೊಂದು ಆಟ. ಕೂತ್ಕೊಳ್ರೀ." ಸೋಲಿನ ಛಲಕ್ಕೆ ಉಳಿದ ಮೂರು ದಿನ ಆ ತಲೆ ಬೆಂಚಿಗೆ ಮೊಳೆ ಹೊಡೆದ ಹಾಗಿತ್ತು. ಆದರೆ ನಾಲ್ಕನೆಯ ದಿನ ಎತ್ತಿದ್ದು ಎತ್ತಿದ್ದೇ. ಆ ಭಯವನ್ನು ನಾವು ಮೂವರೂ ಬಾಯಿಬಿಡದೆ ನುಂಗಿಕೊಂಡಿದ್ದೆವು.

ಹತ್ತನೆಯ ದಿನ ಡಾಕ್ಟರಮ್ಮ ದೀಪ ಹಿಡಿದು ಕಣ್ಣೊಳಗೆ ನೋಡಿದರು, ಮಸೂರ ಬದಲಿಸಿ ಇನ್ನೊಮ್ಮೆ ನೋಡಿದರು. ಭಾವ ಕುತ್ತಿಗೆಯಲ್ಲಿ ಮರೆತು ಹಾಕಿಕೊಂಡು ಬಂದ ಟೇಪನ್ನು ಸುತ್ತುತ್ತ, ಬಿಚ್ಚುತ್ತ, ಮತ್ತೆ ಸುತ್ತುತ್ತ ನಿಂತಿದ್ದರು. ನಾನು ಗೋಡೆಯ ಮೇಲಿನ ಅಕ್ಷರಗಳನ್ನು ಎಷ್ಟು ಸಲ ಓದಿದೆನೋ.

"ಕಾಲರ್ ಕೂತಿದೆ," ಎಂದರು ಡಾಕ್ಟರಮ್ಮ ಭಾವನ ಕಡೆ ತಿರುಗಿ. "ಒಂದೂ ಗುಳ್ಳೆ ಎದ್ದಿಲ್ಲ. ತಲೆ ಎತ್ತಮ್ಮ."

ಒಳಗೆ ಬಿಟ್ಟ ಗಾಳಿಗುಳ್ಳೆ ಕರಗುವವರೆಗೆ ಆ ಕಣ್ಣಿನಲ್ಲಿ ಮಂಜು ಮಂಜಾಗಿಯೇ ಕಾಣುತ್ತದೆ, ಬಣ್ಣ ತಿಳಿಯಲು ಇನ್ನೂ ಕೆಲವು ವಾರ ಬೇಕು, ಗಾಬರಿಯಾಗಬೇಡಿ ಎಂದರು. ಅಕ್ಕ ಗಾಬರಿಯಾಗಲಿಲ್ಲ, ಆದರೆ ಸುಮ್ಮನಿರಲೂ ಇಲ್ಲ. ಮನೆಗೆ ಬಂದವಳೇ ಅಂಗಡಿಯಲ್ಲಿ ತನ್ನ ಕುರ್ಚಿಯಲ್ಲಿ ನೆಟ್ಟಗೆ ಕೂತು, ನೂಲಿನ ಪೆಟ್ಟಿಗೆ ಎಳೆದುಕೊಂಡು, ಬಲಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡಳು. ಒಂದು ಉಂಡೆ ಎತ್ತಿ ಎಡಗಣ್ಣಿನ ಹತ್ತಿರ ಹಿಡಿದಳು.

"ಏನೂ ತಿಳೀತಿಲ್ಲ. ಬರೀ ಮಬ್ಬು. ಇದು ಯಾವುದು ರೀ?"

ಭಾವ ಮಿಷನ್ನಿನ ಮುಂದಿನಿಂದ ಎದ್ದು ಬಂದರು. ಉಂಡೆಯನ್ನು ಅವಳ ಕೈಯಲ್ಲೇ ಇರಗೊಟ್ಟು, ಹೆಬ್ಬೆರಳಿನಿಂದ ಅಂಚನ್ನು ಸವರಿದರು. ಕಣ್ಣು ಎಲ್ಲೋ ಬಾಗಿಲ ಕಡೆ ಇತ್ತು.

"ಎರಡು ಕಚ್ಚು. ಹಸಿರು."

"ಸರಿಯಾಗಿ ಹೇಳ್ತಿದೀರಾ?"

"ಕಚ್ಚು ಹಾಕಿದೋಳು ನೀನು. ತಪ್ಪಿದ್ರೆ ತಪ್ಪು ನಿಂದು."

ಅಕ್ಕ ಬಲಗಣ್ಣಿನ ಮೇಲಿನ ಕೈ ತೆಗೆಯಲಿಲ್ಲ. ಪೆಟ್ಟಿಗೆಯಿಂದ ಇನ್ನೊಂದು ಉಂಡೆ ಎತ್ತಿ ಮುಂದೆ ಹಿಡಿದಳು.

"ಇದು?"

ಅದು ಆ ನಾಲ್ಕು ಹೊಸ ಉಂಡೆಗಳಲ್ಲೊಂದು. ಅಂಚು ನುಣುಪಾಗಿತ್ತು. ಭಾವನ ಹೆಬ್ಬೆರಳು ಒಂದು ಸುತ್ತು ಹೋಗಿ ಬಂದು ನಿಂತಿತು. ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿದರು.

"ವಕೀಲಮ್ಮ," ಎಂದರು ಭಾವ, "ಆ ಕತ್ತರಿ ಈ ಕಡೆ ಕೊಟ್ಟು, ಇದು ಯಾವ ಬಣ್ಣ ಅಂತ ಸ್ವಲ್ಪ ಹೇಳಿ. ನಮ್ಮಿಬ್ಬರಿಗೂ ಕಾಣ್ತಿಲ್ಲ."